ಅಡ್ಮಿನ್‌ಗೆ ಕಾಣುವ ಹಾರ್ಡ್ ಡಿಸ್ಕ್ ಸ್ಟಾಫ್‌ಗೆ ಯಾಕೆ ಕಾಣಲ್ಲ?

"ಯುಎಸ್‌ಬಿ ಹಾರ್ಡ್ ಡಿಸ್ಕ್ ಹೋಗ್ಬಿಟ್ಟಿದೆ ಸಾರ್, ಬರ್ತಾ ಒಂದು ಕೇಬಲ್ ತನ್ನಿ" ಅಂತ ಫೋನ್ ಬಂದರೆ ನಾನು ಕೇಳುವುದು ಒಂದೇ ಪ್ರಶ್ನೆ. ಓನರ್ ಲಾಗಿನ್‌ನಲ್ಲಿ ಕಾಣುತ್ತಾ?

ದಾವಣಗೆರೆಯಲ್ಲಿ ನಾನು ನೋಡಿಕೊಳ್ಳುವ ಜಾಗಗಳೆಲ್ಲ ಸಣ್ಣವು. ಆಡಿಟರ್ ಆಫೀಸು, ಫೋಟೊ ಸ್ಟುಡಿಯೊ, ಡಿಟಿಪಿ ಅಂಗಡಿ. ಎಲ್ಲ ಕಡೆ ವಿಂಡೋಸ್ 10 ಅಥವಾ 11. ಅಡ್ಮಿನ್ ಪಾಸ್‌ವರ್ಡ್ ಓನರ್ ಹತ್ತಿರ ಇರುತ್ತದೆ, ಕೆಲಸದ ಹುಡುಗರಿಗೆ ಸ್ಟ್ಯಾಂಡರ್ಡ್ ಅಕೌಂಟ್, ಅಂದರೆ ಸೆಟ್ಟಿಂಗ್ ಬದಲಿಸುವ ಅಧಿಕಾರ ಇಲ್ಲದ್ದು. ಅದೇ ಕಂಪ್ಯೂಟರ್, ಅದೇ ಯುಎಸ್‌ಬಿ ಪೋರ್ಟು. ಓನರ್‌ಗೆ ಡಿಸ್ಕ್ ಕಾಣುತ್ತದೆ, ಹುಡುಗನಿಗೆ ಕಾಣಲ್ಲ ಅಂದರೆ ಕೇಬಲ್ಲೂ ಸರಿ ಇದೆ, ಡಿಸ್ಕೂ ಸರಿ ಇದೆ. ಸುಮ್ನೆ ಕಿತ್ತು ಹಾಕಿ ಮಾಡಬೇಡಿ. ಓನರ್‌ಗೂ ಕಾಣದಿದ್ದರೆ ಅದು ಬೇರೆ ಕಾಯಿಲೆ. ಡೆಸ್ಕ್‌ಟಾಪ್ ಆದರೆ ಹಿಂದಿನ ಪೋರ್ಟಿಗೆ ಹಾಕಿ ನೋಡಿ, ಕೇಬಲ್ ಬದಲಿಸಿ ನೋಡಿ. ಇಲ್ಲಿ ಅದರ ಮಾತು ಬೇಡ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹುಡುಗನ ಅಕೌಂಟನ್ನೇ ಅಡ್ಮಿನ್ ಮಾಡಿ ಕೈತೊಳೆದುಕೊಳ್ಳಬೇಡಿ. ಜಾಸ್ತಿ ಜನ ಮಾಡುವುದು ಇದನ್ನೇ. ಅರ್ಧ ಸಲ ಅದರಿಂದ ಡಿಸ್ಕೂ ಕಾಣಲ್ಲ, ಸಿಕ್ಕ ಸಿಕ್ಕ ಸಾಫ್ಟ್‌ವೇರ್ ಮಾತ್ರ ಬಂದು ಕೂರುತ್ತದೆ.

ಮೊದಲು ಅಡ್ಮಿನ್ ಲಾಗಿನ್‌ನಲ್ಲಿ ಆ ಡಿಸ್ಕಿಗೆ ಯಾವ ಅಕ್ಷರ (ಡ್ರೈವ್ ಲೆಟರ್) ಬಂದಿದೆ ನೋಡಿಕೊಳ್ಳಿ. ಎಫ್ ಅಂದುಕೊಳ್ಳೋಣ. ಈಗ ಹುಡುಗನ ಲಾಗಿನ್‌ಗೆ ಬನ್ನಿ. ಫೈಲ್ ಎಕ್ಸ್‌ಪ್ಲೋರರ್ ತೆರೆದು ಮೇಲಿನ ಅಡ್ರೆಸ್ ಪಟ್ಟಿಯಲ್ಲಿ ಎಫ್, ಪಕ್ಕದಲ್ಲೇ ಕೋಲನ್ ಹೊಡೆದು ಎಂಟರ್ ಒತ್ತಿ. ಏನು ಬರುತ್ತದೋ ಅದರ ಮೇಲೆ ಮುಂದಿನ ದಾರಿ.

ಸರ್ವರ್‌ನ ಫೋಲ್ಡರ್ ತೆರೆದುಕೊಂಡರೆ ಅಕ್ಷರದ ಜಗಳ. ಆಡಿಟರ್ ಆಫೀಸುಗಳಲ್ಲಿ ನನಗೆ ಹೆಚ್ಚು ಸಿಗುವುದು ಇದೇ. ಹುಡುಗನ ಅಕೌಂಟ್‌ನಲ್ಲಿ ಯಾರೋ ಸರ್ವರ್ ಫೋಲ್ಡರನ್ನು ಎಫ್ ಅಂತ ಮ್ಯಾಪ್ ಮಾಡಿರುತ್ತಾರೆ, ಅಂದರೆ ಅದಕ್ಕೂ ಡಿಸ್ಕಿನ ಹಾಗೆ ಒಂದು ಅಕ್ಷರ ಕೊಟ್ಟಿರುತ್ತಾರೆ. ಮ್ಯಾಪಿಂಗ್ ಅನ್ನೋದು ಆಯಾ ಲಾಗಿನ್‌ಗೆ ಮಾತ್ರ ಸೇರಿದ್ದು. ಯುಎಸ್‌ಬಿ ಡಿಸ್ಕಿನ ಅಕ್ಷರ ಇಡೀ ಕಂಪ್ಯೂಟರಿಗೆ ಸೇರಿದ್ದು. ಒಬ್ಬೊಬ್ಬರ ಮ್ಯಾಪಿಂಗ್ ಗಮನಿಸದೆ ವಿಂಡೋಸ್ ಎಫ್ ಅನ್ನೇ ಡಿಸ್ಕಿಗೆ ಕೊಟ್ಟುಬಿಟ್ಟರೆ, ಒಂದೇ ಬಸ್ ಸೀಟಿಗೆ ಇಬ್ಬರು ಟವೆಲ್ ಹಾಕಿದ ಹಾಗೆ ಆಗುತ್ತದೆ. ಹುಡುಗನ ಲಾಗಿನ್‌ನಲ್ಲಿ ಸರ್ವರ್ ಗೆಲ್ಲುತ್ತದೆ, ಡಿಸ್ಕ್ ಮರೆಯಾಗುತ್ತದೆ. ಓನರ್ ಲಾಗಿನ್‌ನಲ್ಲಿ ಆ ಮ್ಯಾಪಿಂಗೇ ಇಲ್ಲ, ಹಾಗಾಗಿ ಅಲ್ಲಿ ಡಿಸ್ಕ್ ಆರಾಮಾಗಿ ಕಾಣುತ್ತದೆ.

ಸರಿ ಮಾಡೋದು ಸುಲಭ. ಹುಡುಗನ ಲಾಗಿನ್‌ನಲ್ಲೇ ದಿಸ್ ಪಿಸಿ ತೆರೆದು ನೆಟ್‌ವರ್ಕ್ ಲೊಕೇಶನ್ಸ್ ಕೆಳಗೆ ಯಾವ್ಯಾವ ಅಕ್ಷರ ಇವೆ ಬರೆದುಕೊಳ್ಳಿ. ಕೆಂಪು ಇಂಟು ಮಾರ್ಕ್ ಇದ್ದರೂ ಲೆಕ್ಕಕ್ಕೆ ತಗೊಳ್ಳಿ. ಅಡ್ಮಿನ್ ಆಗಿ ಲಾಗಿನ್ ಆಗಿ ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕಿನ ಮೇಲೆ ರೈಟ್ ಕ್ಲಿಕ್ ಮಾಡಿ ಚೇಂಜ್ ಡ್ರೈವ್ ಲೆಟರ್. ನಾನು ಪಿ ಅಥವಾ ಆರ್ ಕೊಡುತ್ತೇನೆ. ಮೊದಮೊದಲ ಅಕ್ಷರಗಳು ಪೆನ್‌ಡ್ರೈವ್‌ಗಳಿಗೆ ಹೋಗುತ್ತವೆ, ಝಡ್‌ನಿಂದ ಹಿಂದಕ್ಕೆ ಮ್ಯಾಪಿಂಗ್‌ಗಳು ಬರುತ್ತವೆ, ನಡುವಿನವು ಖಾಲಿ. ಆ ಕಂಪ್ಯೂಟರ್ ಈ ಅಕ್ಷರ ನೆನಪಿಟ್ಟುಕೊಳ್ಳುತ್ತದೆ. ಆದರೆ ಟ್ಯಾಲಿ ಬ್ಯಾಕಪ್ ಎಫ್‌ಗೆ ಹೋಗುವ ಹಾಗೆ ಇಟ್ಟಿದ್ದರೆ ಆ ಪಾತ್ ಕೂಡ ಬದಲಿಸಬೇಕು. ಸ್ಟುಡಿಯೊದಲ್ಲಿ ಫೋಟೊ ಎಡಿಟ್ ಮಾಡುವ ಲೈಟ್‌ರೂಮ್ ಇದ್ದರೆ ಫೋಟೊ ಸಿಗ್ತಿಲ್ಲ ಅಂತ ಗಲಾಟೆ ಮಾಡುತ್ತದೆ. ಹೊಸ ಜಾಗ ತೋರಿಸಿದರೆ ಸುಮ್ಮನಾಗುತ್ತದೆ.

ಐಕಾನ್ ಇಲ್ಲ, ಆದರೆ ಅಕ್ಷರ ಹೊಡೆದ ಕೂಡಲೇ ಡಿಸ್ಕ್ ತೆರೆದುಕೊಂಡಿತು ಅಂದರೆ ಯಾರೋ ಬೇಕಂತಲೇ ಬಚ್ಚಿಟ್ಟಿದ್ದಾರೆ. ಒಂದು ಕಾಲದಲ್ಲಿ ಸೈಬರ್ ಸೆಂಟರ್‌ಗಳಲ್ಲಿ ಇದು ಮಾಮೂಲಿ. ವಿಂಡೋಸ್ ತನ್ನ ಸೆಟ್ಟಿಂಗ್ ಬರೆದಿಡುವ ರಿಜಿಸ್ಟ್ರಿಯಲ್ಲಿ ನೋಡ್ರೈವ್ಸ್ (NoDrives) ಅಂತ ಒಂದು ಎಂಟ್ರಿ ಇರುತ್ತದೆ. ಯಾವ್ಯಾವ ಅಕ್ಷರ ಬಚ್ಚಿಡಬೇಕು ಅನ್ನೋದನ್ನು ಕೂಡಿ ಬಂದ ಸಂಖ್ಯೆ ಅದರಲ್ಲಿರುತ್ತದೆ. ಎ ಅಂದರೆ 1, ಬಿ 2, ಸಿ 4, ಡಿ 8, ಇ 16, ಎಫ್ 32, ಹೀಗೆ ಡಬಲ್ ಆಗುತ್ತಾ ಹೋಗುತ್ತದೆ. 48 ಇದ್ದರೆ ಇ ಮತ್ತು ಎಫ್ ಎರಡೂ ಮಾಯ. ಎಲ್ಲ 26 ಅಕ್ಷರ ಬಚ್ಚಿಟ್ಟಿದ್ದರೆ 67108863. ಹಿಂದೆ ಇ, ಎಫ್ ಪಾರ್ಟಿಷನ್ ಮುಚ್ಚಿಟ್ಟಿರುತ್ತಾರೆ. ಆಮೇಲೆ ಒಳಗಿನ ಹಳೇ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದಾಗ ಆ ಪಾರ್ಟಿಷನ್‌ಗಳು ಹೋಗಿರುತ್ತವೆ, 48 ಮಾತ್ರ ಉಳಿದಿರುತ್ತದೆ. ಹೊಸದಾಗಿ ಬಂದ ಡಿಸ್ಕ್ ಎಫ್ ಆಗಿ ಕತ್ತಲಲ್ಲಿ ಕೂರುತ್ತದೆ.

ಹುಡುಗನ ಲಾಗಿನ್‌ನಲ್ಲೇ ರಿಜಿಸ್ಟ್ರಿ ತೋರಿಸುವ ರೆಜೆಡಿಟ್ (regedit) ತೆರೆದು ಈ ಜಾಗ ನೋಡಬಹುದು. ಎಚ್‌ಕೀ ಕರೆಂಟ್ ಯೂಸರ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಪಾಲಿಸೀಸ್, ಎಕ್ಸ್‌ಪ್ಲೋರರ್. ನೋಡಲು ಬಿಡುತ್ತದೆ, ಅಳಿಸಲು ಬಿಡಲ್ಲ. ಇಲ್ಲೇ ಒಂದು ತಿರುವು ಇದೆ. ರನ್ ಆಸ್ ಅಡ್ಮಿನಿಸ್ಟ್ರೇಟರ್ ಅಂತ ತೆರೆದು ಓನರ್ ಪಾಸ್‌ವರ್ಡ್ ಕೊಟ್ಟರೆ, ಆಗ ಕರೆಂಟ್ ಯೂಸರ್ ಅನ್ನುವ ಜಾಗದಲ್ಲಿ ಕಾಣುವುದು ಓನರ್‌ದು! ಅಲ್ಲಿ ನೋಡ್ರೈವ್ಸ್ ಇರೋದೇ ಇಲ್ಲ, ನೀವು ತಲೆ ಕೆರೆದುಕೊಳ್ಳುತ್ತೀರಿ. ಎಚ್‌ಕೀ ಯೂಸರ್ಸ್‌ಗೆ ಹೋಗಿ, ಎಸ್-1-5-21 ಅಂತ ಶುರುವಾಗುವ ಉದ್ದನೆ ಸಂಖ್ಯೆಗಳಲ್ಲಿ ಹುಡುಗನದ್ದನ್ನು ತೆರೆಯಿರಿ. ಮಿಕ್ಕ ದಾರಿ ಅದೇ. ಎಕ್ಸ್‌ಪೋರ್ಟ್ ಮಾಡಿ ಒಂದು ಕಾಪಿ ಇಟ್ಟುಕೊಂಡು ಆಮೇಲೆ ಎಂಟ್ರಿ ತೆಗೆಯಿರಿ. ಸೈನ್ ಔಟ್ ಆಗಿ ಮತ್ತೆ ಬನ್ನಿ.

ಅಕ್ಷರ ಹೊಡೆದಾಗ ನಿರ್ಬಂಧ ಇದೆ, ಹಾಗಾಗಿ ರದ್ದಾಯಿತು ಅನ್ನುವ ಮೆಸೇಜ್ ಬಂದರೆ ರಿಜಿಸ್ಟ್ರಿಯ ಅದೇ ಜಾಗದಲ್ಲಿ ನೋವ್ಯೂಆನ್‌ಡ್ರೈವ್ (NoViewOnDrive) ಅನ್ನುವ ಎಂಟ್ರಿ ಹುಡುಕಿ. ಲೆಕ್ಕ ಅದೇ. ಆದರೆ ಅದು ಕಂಪನಿಯ ಸರ್ವರ್‌ನಿಂದ ಬಂದ ಪಾಲಿಸಿ, ಅಂದರೆ ಕಂಪನಿಯೇ ಹಾಕಿದ ನಿಯಮ ಆಗಿದ್ದರೆ ಮುಟ್ಟಬೇಡಿ. ಬ್ಯಾಂಕು, ದೊಡ್ಡ ಆಫೀಸುಗಳಲ್ಲಿ ಯುಎಸ್‌ಬಿ ಮುಚ್ಚುವುದು ಬೇಕಂತಲೇ. ಅಲ್ಲಿ ಐಟಿಯವರನ್ನು ಕೇಳುವುದೇ ದಾರಿ.

ಕೊನೆಯದು, ಆಕ್ಸೆಸ್ ಡಿನೈಡ್ ಅನ್ನುವ ಮೆಸೇಜ್. ಮೊದಲು ಒಂದು ಪೆನ್‌ಡ್ರೈವ್ ಹಾಕಿ ನೋಡಿ. ಅದನ್ನೂ ಒಲ್ಲೆ ಅಂದರೆ ಪಾಲಿಸಿಯ ಕೆಲಸ. ಪೆನ್‌ಡ್ರೈವ್ ತೆರೆದು ಡಿಸ್ಕ್ ಮಾತ್ರ ತೆರೆಯದಿದ್ದರೆ ಡಿಸ್ಕಿನ ಮೇಲಿನ ಪರ್ಮಿಶನ್. ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ನ ಡಿಸ್ಕ್‌ಗಳಲ್ಲಿ ಯಾರು ತೆರೆಯಬಹುದು ಅನ್ನುವ ಪಟ್ಟಿ ಡಿಸ್ಕಿನ ಒಳಗೇ ಇರುತ್ತದೆ. ಡಿಸ್ಕನ್ನು ಮೊದಲು ಬಳಸುತ್ತಿದ್ದ ಹಳೇ ಕಂಪ್ಯೂಟರಿನ ಅಕೌಂಟ್ ಹೆಸರು ಆ ಪಟ್ಟಿಯಲ್ಲಿದ್ದರೆ ಈ ಕಂಪ್ಯೂಟರಿಗೆ ಅದು ಗೊತ್ತಿರಲ್ಲ, ಅಲ್ವಾ? ಅಡ್ಮಿನ್ ಲಾಗಿನ್‌ನಲ್ಲಿ ಪ್ರಾಪರ್ಟೀಸ್, ಸೆಕ್ಯುರಿಟಿ ಟ್ಯಾಬ್ ತೆರೆದರೆ ಹೆಸರಿನ ಬದಲು ಬರೀ ಉದ್ದನೆ ಸಂಖ್ಯೆ ಕಾಣುತ್ತದೆ. ಸೆಕ್ಯುರಿಟಿ ಟ್ಯಾಬೇ ಇಲ್ಲದಿದ್ದರೆ ಡಿಸ್ಕ್ ಎಕ್ಸ್‌ಫ್ಯಾಟ್ ಅಥವಾ ಫ್ಯಾಟ್32. ಅದಕ್ಕೆ ಈ ಕಾಯಿಲೆ ಬರಲ್ಲ.

ಎಡಿಟ್ ಒತ್ತಿ ಯೂಸರ್ಸ್ ಅನ್ನುವ ಗುಂಪು ಸೇರಿಸಿ, ಮಾಡಿಫೈಗೆ ಟಿಕ್ ಹಾಕಿ. ಮದುವೆ ಫೋಟೊ ತುಂಬಿದ ಡಿಸ್ಕ್ ಆದರೆ ಒಂದೊಂದೇ ಫೈಲ್ ದಾಟುತ್ತಾ ಬಹಳ ಹೊತ್ತು ಹಿಡಿಯುತ್ತದೆ. ನಡುವೆ ಕೇಬಲ್ ಎಳೆಯಬೇಡಿ, ಚಹಾ ಕುಡಿದು ಬನ್ನಿ. ಮುಗಿದ ಮೇಲೆ ಹುಡುಗನ ಲಾಗಿನ್‌ನಲ್ಲಿ ಐಕಾನ್ ಕಂಡಿತು ಅಂತ ಹೊರಡಬೇಡಿ. ಒಂದು ಫೈಲ್ ಕಾಪಿ ಮಾಡಿ, ಹೆಸರು ಬದಲಿಸಿ, ಅಳಿಸಿ ನೋಡಿ. ಓದಲು ಬಿಟ್ಟು ಬರೆಯಲು ಬಿಡದ ಡಿಸ್ಕ್ ಇದ್ದರೆ ಸಂಜೆಯೊಳಗೆ ಮತ್ತೆ ಫೋನ್ ಬರುತ್ತದೆ.