ಷೇರು ಪಟ್ಟಿ: ನಮ್ಮ ಚಾನೆಲ್‌ನಲ್ಲಿ ನಾನು ಓಡಿಸಿದ್ದು ಹೀಗೆ

‘ಕನ್ನಡ ಚಾನೆಲ್‌ನಲ್ಲಿ ಷೇರು ರೇಟು ಯಾರ್ರೀ ನೋಡ್ತಾರೆ?’ ಅಂದಿದ್ದರು ನಮ್ಮ ಸಂಪಾದಕರು. ಈಗ ತೆರೆಯ ಕೆಳಗೆ ಓಡುವ ಆ ಬೆಲೆಗಳ ಪಟ್ಟಿ ಎರಡು ನಿಮಿಷ ನಿಂತರೆ ಮೊದಲ ಫೋನು ಅವರದ್ದೇ.

ಶುರುವಿನಲ್ಲಿ ನಾನೂ ಎಲ್ಲರಂತೆ ವೆಬ್‌ಸೈಟಿನಿಂದ ಬೆಲೆ ಎತ್ತಿ ನೋಡಿದೆ. ಮೂರೇ ದಿನಕ್ಕೆ ಐಪಿ ಬ್ಲಾಕ್. ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವಂತಿಲ್ಲ ಅಂತ ಲೀಗಲ್‌ನವರ ಬೈಗುಳ ಬೇರೆ. ಪ್ರತಿ ವಹಿವಾಟಿನ ಬೆಲೆಯನ್ನೂ ಆಗಿಂದಾಗಲೇ ಕಳಿಸುವ ಟಿಕ್-ಬೈ-ಟಿಕ್ ಫೀಡ್‌ನ ಕೊಟೇಶನ್ ನೋಡಿ ಮ್ಯಾನೇಜ್‌ಮೆಂಟ್ ನಕ್ಕುಬಿಟ್ಟಿತು. ಕೊನೆಗೆ ಅಧಿಕೃತ ವೆಂಡರ್ ಒಬ್ಬರಿಂದ ನಿಮಿಷಕ್ಕೊಮ್ಮೆ ಆ ಕ್ಷಣದ ಬೆಲೆ ಕೊಡುವ ಸ್ನ್ಯಾಪ್‌ಶಾಟ್ ತಗೊಂಡೆವು, ಖರ್ಚು ಹೆಚ್ಚುಕಡಿಮೆ ಐದರಲ್ಲೊಂದು ಪಾಲು. ಪಟ್ಟಿ ಒಂದು ಸುತ್ತು ಬರಲಿಕ್ಕೇ ಮೂರು ನಿಮಿಷ. ಮಿಲಿಸೆಕೆಂಡು ಕಟ್ಟಿಕೊಂಡು ಏನು ಮಾಡೋದು?

ಸರಿಯಾಗಿ ಪೆಟ್ಟು ತಿಂದದ್ದು 2018ರ ಸೆಪ್ಟೆಂಬರ್ 4ರಂದು. ಇನ್ಫೋಸಿಸ್ 1:1 ಬೋನಸ್‌ನ (ಒಂದು ಷೇರಿಗೆ ಇನ್ನೊಂದು ಉಚಿತ) ಎಕ್ಸ್-ಡೇಟ್, ಅಂದರೆ ಅದಕ್ಕೆ ತಕ್ಕಂತೆ ಬೆಲೆ ಅರ್ಧಕ್ಕೆ ಹೊಂದಿಕೊಳ್ಳುವ ದಿನ. ನನ್ನ ಸ್ಕ್ರಿಪ್ಟ್ ನಿನ್ನೆಯ ಬೆಲೆಯನ್ನು ತಾನೇ ಉಳಿಸಿಟ್ಟುಕೊಂಡು ಕಳೆಯುತ್ತಿತ್ತು. 1,400 ಚಿಲ್ಲರೆ ಇದ್ದದ್ದು 700 ಚಿಲ್ಲರೆ ಆಗಿ, 9:15ಕ್ಕೆ ಕೆಂಪು ಬಾಣ, ಸುಮಾರು ಶೇ. 49 ಕುಸಿತ. ಅದೂ ಬೆಂಗಳೂರಲ್ಲಿ! ರಿಸೆಪ್ಶನ್ ಫೋನು ಊಟದವರೆಗೂ ನಿಲ್ಲಲಿಲ್ಲ. ಅಂದಿನಿಂದ ಫೀಡ್‌ನಲ್ಲೇ ಬರುವ, ಬೋನಸ್‌ಗೆ ಹೊಂದಿಸಿದ ಬೇಸ್ ಪ್ರೈಸ್‌ನಿಂದಲೇ (ಹೋಲಿಕೆಯ ಮೂಲ ಬೆಲೆ) ಲೆಕ್ಕ.

ಆಮೇಲೆ ದಾವಣಗೆರೆಯ ವೀಕ್ಷಕರೊಬ್ಬರು ದಿನಾ ಜಗಳ: ‘ನಿಮ್ಮ ರೇಟು ಬೇರೆ, ಬೆಳಗಿನ ಪೇಪರ್ ರೇಟು ಬೇರೆ.’ ಅವರದ್ದೇ ಸರಿ. ನಾವು 3:30ರ ಕೊನೆಯ ವಹಿವಾಟಿನ ಬೆಲೆ ಹಾಗೇ ಬಿಟ್ಟಿದ್ದೆವು. ಷೇರುಪೇಟೆ ಎನ್‌ಎಸ್‌ಇಯ ಕ್ಲೋಸಿಂಗ್ ಬೆಲೆಯೋ, ಆಗ ಕೊನೇ ಅರ್ಧಗಂಟೆಯ ತೂಕದ ಸರಾಸರಿ (ಹೆಚ್ಚು ಷೇರು ಕೈಬದಲಾದ ಬೆಲೆಗೆ ಹೆಚ್ಚು ತೂಕ) ಆಗಿತ್ತು. ಕ್ಲೋಸಿಂಗ್ ಫೈಲ್ ಬಂದಮೇಲೆ ಇನ್ನೊಮ್ಮೆ ಬರೆಸಿದೆ.

2023ರ ಜೂನ್‌ನಲ್ಲಿ ಟೈರ್ ಕಂಪನಿ ಎಂಆರ್‌ಎಫ್‌ನ ಒಂದು ಷೇರಿನ ಬೆಲೆ ಲಕ್ಷ ರೂಪಾಯಿ ದಾಟಿದಾಗ ಗ್ರಾಫಿಕ್ಸ್ ಡಬ್ಬಿಯಲ್ಲಿ ಐದೇ ಅಂಕಿಗೆ ಜಾಗ. ಮೊದಲ 1 ಮಾಯ, ತೆರೆ ಮೇಲೆ ಬರೀ ಸೊನ್ನೆಯಿಂದ ಶುರು!

ಸುಮ್ಮನೆ ಒಂದು ಪ್ರಯೋಗ: ಪಿಸಿಆರ್ (ಪ್ರಸಾರ ನಿಯಂತ್ರಣ ಕೊಠಡಿ) ಮಾನಿಟರ್ ಪಕ್ಕ ಕೇಬಲ್ ಟಿವಿ, ಮೊಬೈಲ್ ಆ್ಯಪ್ ಎರಡನ್ನೂ ಇಟ್ಟೆ. ಕೇಬಲ್ ಆರೇಳು ಸೆಕೆಂಡು ಹಿಂದೆ, ಆ್ಯಪ್ ಅರ್ಧ ನಿಮಿಷ. ಹೇಗೂ ವೀಕ್ಷಕರಿಗೆ ತಡವಾಗೇ ತಲುಪುತ್ತದೆ; ದುಬಾರಿ ಫೀಡ್ ಮಾತು ಅಲ್ಲಿಗೆ ಮುಗಿಯಿತು.

ಫೀಡ್‌ನಲ್ಲಿ ಹುಚ್ಚು ಅಂಕಿ ಬಂದರೆ ತಡೆಯುವ ಹತ್ತು ಸಾಲಿನ ಕೋಡ್ ಇದೆ. ಅದನ್ನು ಹೇಳಲ್ಲ; ಇನ್‌ಕ್ರಿಮೆಂಟ್ ಕೊಡಿಸಿದ್ದೇ ಅದು.

ದೀಪಾವಳಿ ರಜೆಯಲ್ಲೂ ಸ್ವಲ್ಪ ಹೊತ್ತು ನಡೆಯುವ ಮುಹೂರ್ತ ವಹಿವಾಟಿಗೆ ಮಾತ್ರ ಪಟ್ಟಿಯ ಟೈಮರ್ ಇನ್ನೂ ಕೈಯಲ್ಲೇ ಬದಲಿಸುತ್ತೇನೆ. ಒಂದು ವರ್ಷ ಮರೆತು, ಹೋಳಿಗೆ ತಟ್ಟೆ ಬಿಟ್ಟು ಆಫೀಸಿಗೆ ಓಡಿದ್ದೆ.