ಈಸ್ಟ್‌ಸೈಡ್‌ಗೆ ಹೊಸದಾಗಿ ಬಂದವರಿಗೆ: ನಿಮ್ಮ ಮನೆ ಯಾವ ‘ಎಲ್‌ಡಿ’ಯಲ್ಲಿದೆ?

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಸಿಯಾಟಲ್‌ನ ಪೂರ್ವಕ್ಕಿರುವ ಊರುಗಳಿಗೆ ಈಸ್ಟ್‌ಸೈಡ್ ಅನ್ನುತ್ತಾರೆ. ಅಲ್ಲಿನ ರೆಡ್ಮಂಡ್‌ಗೋ ಬೆಲ್‌ವ್ಯೂಗೋ ಬಂದು ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ಮೊದಲ ಪೇಸ್ಲಿಪ್ ಒಮ್ಮೆ ತೆಗೆದು ನೋಡಿ. ಅದರಲ್ಲಿ ‘ಡಬ್ಲ್ಯೂಎ ಕೇರ್ಸ್’ ಅಂತ ಒಂದು ಸಾಲು ಇರಬಹುದು. ನೂರು ಡಾಲರ್‌ಗೆ 58 ಸೆಂಟ್ ಕಡಿತ. 2023ರ ಜುಲೈನಿಂದ ಇದು ಜಾರಿಯಲ್ಲಿದೆ. ವಯಸ್ಸಾದ ಮೇಲೆ ಆರೈಕೆ ಬೇಕಾದರೆ ಅಂತ ರಾಜ್ಯ ಕೂಡಿಡುವ ಹಣ ಅದು. ಎಚ್‌1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಇರುವವರಿಗೆ ಈ ಕಡಿತದಿಂದ ವಿನಾಯಿತಿ ಇದೆ. 2025ರವರೆಗೆ ಅದಕ್ಕೆ ಅರ್ಜಿ ಹಾಕಬೇಕಿತ್ತು. ಇದು ಗೊತ್ತಿಲ್ಲದೆ ವರ್ಷಗಟ್ಟಲೆ ಕಟ್ಟಿದ ಕನ್ನಡದ ಹುಡುಗರನ್ನು ನಾನು ನೋಡಿದ್ದೇನೆ.

ಆ ಕಡಿತ ತಂದವರು ಯಾರು? ವಿನಾಯಿತಿ ಕೊಟ್ಟವರು ಯಾರು? ವಾಷಿಂಗ್ಟನ್ ಡಿಸಿಯವರಲ್ಲ. ಇಲ್ಲಿಂದ ಒಂದೂವರೆ ಗಂಟೆ ದೂರದ ರಾಜಧಾನಿ ಒಲಿಂಪಿಯಾದಲ್ಲಿ ಕೂತ ನಮ್ಮ ರಾಜ್ಯದ ಶಾಸಕರು. ಅವರಲ್ಲಿ ಮೂವರು ನಿಮ್ಮವರು. ನೀವು ಓಟು ಹಾಕಿರದಿದ್ದರೂ ನಿಮ್ಮವರೇ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನಮಗೆ ‘ಡಿಸ್ಟ್ರಿಕ್ಟ್’ ಅಂದ ತಕ್ಷಣ ಜಿಲ್ಲೆ, ಡಿಸಿ ಆಫೀಸು ನೆನಪಾಗುತ್ತದೆ. ಇಲ್ಲಿ ಆ ಜಾಗದಲ್ಲಿ ಇರುವುದು ಕೌಂಟಿ. ನಾವಿರುವುದು ಕಿಂಗ್ ಕೌಂಟಿ. ‘ಡಿಸ್ಟ್ರಿಕ್ಟ್’ ಅನ್ನುವುದು ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆಯಾಗಿ ಎಳೆದ ಗೆರೆ. ಒಂದೇ ಮನೆ ಒಂದು ಸ್ಕೂಲ್ ಡಿಸ್ಟ್ರಿಕ್ಟ್‌ನಲ್ಲಿ ಇರುತ್ತದೆ, ಒಂದು ಕಾಂಗ್ರೆಷನಲ್ ಡಿಸ್ಟ್ರಿಕ್ಟ್‌ನಲ್ಲೂ ಇರುತ್ತದೆ. ನಮ್ಮ ವಿಧಾನಸಭಾ ಕ್ಷೇತ್ರಕ್ಕೆ ಹತ್ತಿರವಾದದ್ದು ಲೆಜಿಸ್ಲೇಟಿವ್ ಡಿಸ್ಟ್ರಿಕ್ಟ್. ಇಲ್ಲಿಯವರು ಚಿಕ್ಕದಾಗಿ ‘ಎಲ್‌ಡಿ’ ಅನ್ನುತ್ತಾರೆ. ಅದಕ್ಕೆ ಹೆಸರಿಲ್ಲ, ನಂಬರು ಮಾತ್ರ. ‘ನಾನು ತೀರ್ಥಹಳ್ಳಿ ಕ್ಷೇತ್ರದವನು’ ಅಂದ ಹಾಗೆ ಇಲ್ಲಿ ‘ನಾನು ಫಾರ್ಟಿಫಿಫ್ತ್’ ಅನ್ನುತ್ತಾರೆ.

ರಾಜ್ಯದಲ್ಲಿ ಇಂಥ 49 ಎಲ್‌ಡಿಗಳಿವೆ. ಪ್ರತಿಯೊಂದಕ್ಕೂ ಒಬ್ಬ ಸೆನೆಟರ್, ಇಬ್ಬರು ರೆಪ್ರೆಸೆಂಟೇಟಿವ್‌ಗಳು. ಹಾಗಾಗಿ ಮೇಲ್ಮನೆಯಾದ ಸೆನೆಟ್‌ನಲ್ಲಿ 49 ಜನ, ಕೆಳಮನೆಯಾದ ಹೌಸ್‌ನಲ್ಲಿ 98 ಜನ. ಸೆನೆಟರ್‌ಗೆ ನಾಲ್ಕು ವರ್ಷ, ರೆಪ್ರೆಸೆಂಟೇಟಿವ್‌ಗೆ ಎರಡು ವರ್ಷ. ಹೌಸ್‌ನ ಎರಡು ಸೀಟುಗಳನ್ನು ಪೊಸಿಷನ್ 1, ಪೊಸಿಷನ್ 2 ಅಂತ ಕರೆಯುತ್ತಾರೆ. ಎರಡಕ್ಕೂ ಚುನಾವಣೆ ಬೇರೆ ಬೇರೆ.

2020ರ ಜನಗಣತಿಯಲ್ಲಿ ರಾಜ್ಯದ ಜನಸಂಖ್ಯೆ 77 ಲಕ್ಷ ದಾಟಿತ್ತು. ಅದನ್ನು 49 ಪಾಲು ಮಾಡಿದರೆ ಒಂದು ಎಲ್‌ಡಿಗೆ ಸುಮಾರು 1 ಲಕ್ಷ 57 ಸಾವಿರ ಜನ. ಇಷ್ಟು ಜನಕ್ಕೆ ಮೂವರು. 2011ರ ಗಣತಿ ಹಿಡಿದು ಲೆಕ್ಕ ಹಾಕಿದರೆ ಕರ್ನಾಟಕದಲ್ಲಿ ಒಬ್ಬ ಎಂಎಲ್‌ಎಗೆ ಎರಡೂ ಮುಕ್ಕಾಲು ಲಕ್ಷ ಜನ. ಅಂದರೆ ಇಲ್ಲಿ ಶಾಸಕರನ್ನು ಮುಟ್ಟುವುದು ಊರಿಗಿಂತ ಸುಲಭ. ನೀವು ಬರೆದ ಇಮೇಲ್‌ಗೆ ಉತ್ತರ ಬರುತ್ತದೆ. ನನಗೆ ಬಂದಿದೆ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಮಾತು. ಆ 1 ಲಕ್ಷ 57 ಸಾವಿರದಲ್ಲಿ ಎಣಿಸಿದ್ದು ಓಟುದಾರರನ್ನಲ್ಲ, ವಾಸವಿರುವವರನ್ನು. ವೀಸಾದಲ್ಲಿ ಇರುವವರು, ಗ್ರೀನ್ ಕಾರ್ಡಿಗೆ ಕಾಯುತ್ತಿರುವವರು, ಅವರ ಮಕ್ಕಳು ಎಲ್ಲರೂ ಆ ಲೆಕ್ಕದಲ್ಲಿದ್ದಾರೆ. ಭಾರತದಲ್ಲಿ ಹುಟ್ಟಿದವರಿಗೆ ಗ್ರೀನ್ ಕಾರ್ಡ್ ಸರದಿ ಎಷ್ಟು ಉದ್ದ ಅಂತ ನಿಮಗೆ ನಾನು ಹೇಳಬೇಕಿಲ್ಲ. ಹದಿನೈದು ಇಪ್ಪತ್ತು ವರ್ಷ ಓಟಿಲ್ಲದೆ ಇಲ್ಲೇ ಸಂಸಾರ ಮಾಡುತ್ತೀರಿ. ‘ಓಟಿಲ್ಲ, ಹಾಗಾಗಿ ಇದು ನನ್ನ ವಿಷಯ ಅಲ್ಲ’ ಅಂತ ಅಷ್ಟೂ ವರ್ಷ ಸುಮ್ನೆ ಇರಬೇಡಿ. ನಾನು ಹಾಗೇ ಇದ್ದೆ. ಆ ವರ್ಷಗಳ ಬಗ್ಗೆ ಈಗ ಬೇಸರವಿದೆ.

ನನ್ನ ಕಣ್ಣು ತೆರೆಸಿದ್ದು 45ನೇ ಎಲ್‌ಡಿಯ 2017ರ ಚುನಾವಣೆ. ಆಗ ಅದರಲ್ಲಿ ಕರ್ಕ್‌ಲ್ಯಾಂಡ್, ರೆಡ್ಮಂಡ್, ಸಮಾಮಿಶ್‌ನ ಕೆಲವು ಭಾಗಗಳು, ವುಡಿನ್‌ವಿಲ್, ಡುವಾಲ್ ಎಲ್ಲಾ ಸೇರಿದ್ದವು. ಆ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಇಲ್ಲಿಯ ಪದ್ಧತಿ ಹೇಗೆ ನಡೆಯುತ್ತದೆ ಅನ್ನುವುದು ಅದರಲ್ಲೇ ಅರ್ಥವಾಗುತ್ತದೆ.

ಈ ಸೆನೆಟ್ ಸೀಟು ಯಾವತ್ತೂ ಒಂದೇ ಪಕ್ಷದ ಮನೆಯಾಗಿರಲಿಲ್ಲ. 2006ರಲ್ಲಿ ಡೆಮಾಕ್ರಟ್ ಎರಿಕ್ ಓಮಿಗ್ ಗೆದ್ದರು. 2010ರಲ್ಲಿ ಅವರನ್ನು ರಿಪಬ್ಲಿಕನ್ ಆಂಡಿ ಹಿಲ್ ಸೋಲಿಸಿದರು. ಹಿಲ್ ಹಿಂದೆ ಮೈಕ್ರೋಸಾಫ್ಟ್‌ನಲ್ಲಿ ಇದ್ದವರು. ಬಜೆಟ್ ಬರೆಯುವ ಸಮಿತಿಯ ಮುಖ್ಯಸ್ಥರೂ ಆದರು. 2014ರಲ್ಲಿ ಮತ್ತೆ ಗೆದ್ದರು. ಶ್ವಾಸಕೋಶದ ಕ್ಯಾನ್ಸರ್‌ನಿಂದ 2016ರ ಅಕ್ಟೋಬರ್ 31ರಂದು ತೀರಿಕೊಂಡರು.

ಸೀಟು ಖಾಲಿಯಾದರೆ ಇಲ್ಲಿ ತಕ್ಷಣ ಉಪಚುನಾವಣೆ ಇಲ್ಲ. ತೀರಿಕೊಂಡವರ ಪಕ್ಷ ಮೂರು ಹೆಸರು ಕಳಿಸುತ್ತದೆ. ಅದರಲ್ಲಿ ಒಬ್ಬರನ್ನು ಕೌಂಟಿ ಕೌನ್ಸಿಲ್ ನೇಮಿಸುತ್ತದೆ. ಹಾಗೆ ನೇಮಕವಾದವರು ಡೀನೊ ರಾಸ್ಸಿ. 2004ರ ಗವರ್ನರ್ ಚುನಾವಣೆಯಲ್ಲಿ, ಕೈಯಿಂದ ಮರುಎಣಿಕೆ ಮಾಡಿದ ಮೇಲೆ, ಬರೀ 129 ಓಟಿನಿಂದ ಹಿಂದೆ ಬಿದ್ದವರು ಇವರೇ. ಮುಂದಿನ ನವೆಂಬರ್‌ನಲ್ಲಿ ಉಳಿದ ಅವಧಿಗೆ ಚುನಾವಣೆ ನಡೆಯಿತು. ರಾಸ್ಸಿ ನಿಲ್ಲಲಿಲ್ಲ.

ಆಗ ಸೆನೆಟ್‌ನಲ್ಲಿ ಡೆಮಾಕ್ರಟರೇ 25 ಜನ ಇದ್ದರು. ಆದರೆ ಅವರಲ್ಲಿ ಟಿಮ್ ಶೆಲ್ಡನ್ ರಿಪಬ್ಲಿಕನ್ನರ ಜೊತೆ ಕೂರುತ್ತಿದ್ದರು. ಹಾಗಾಗಿ ಆಡಳಿತ ರಿಪಬ್ಲಿಕನ್ನರ ಕೈಯಲ್ಲಿತ್ತು, 25ಕ್ಕೆ 24. ಇಡೀ ರಾಜ್ಯದ ಸೆನೆಟ್ ಯಾರದು ಅನ್ನುವುದು ನಮ್ಮ ಬೀದಿಗಳಲ್ಲಿ ತೀರ್ಮಾನ ಆಗಬೇಕಿತ್ತು. ಡೆಮಾಕ್ರಟರ ಕಡೆಯಿಂದ ಮಾಂಕಾ ಧಿಂಗ್ರಾ, ರಿಪಬ್ಲಿಕನ್ನರ ಕಡೆಯಿಂದ ಜಿನ್‌ಯಂಗ್ ಲೀ ಇಂಗ್ಲಂಡ್. ಧಿಂಗ್ರಾ ಭೋಪಾಲ್‌ನಲ್ಲಿ ಹುಟ್ಟಿದವರು, ಕೌಂಟಿಯ ಸರ್ಕಾರಿ ವಕೀಲರಾಗಿದ್ದವರು. ದಕ್ಷಿಣ ಏಷ್ಯಾದ ಹೆಣ್ಣುಮಕ್ಕಳು ಮನೆಯೊಳಗಿನ ಹಿಂಸೆಗೆ ಸಿಕ್ಕಾಗ ನೆರವಾಗಲಿ ಅಂತ ‘ಛಾಯಾ’ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬರು. ಎರಡೂ ಕಡೆ ಸೇರಿ 85 ಲಕ್ಷ ಡಾಲರ್‌ಗೂ ಜಾಸ್ತಿ ಖರ್ಚಾಯಿತು. ಈ ರಾಜ್ಯದ ಶಾಸಕರ ಚುನಾವಣೆಯಲ್ಲಿ ಅದುವರೆಗೆ ಅಷ್ಟು ಹಣ ಯಾರೂ ನೋಡಿರಲಿಲ್ಲ.

ನಾನು ಸಿಟಿಜನ್ ಆದ ಮೇಲೆ ಅಂಚೆಯಲ್ಲಿ ಮನೆಗೇ ಬಂದ ಮೊದಲ ಬ್ಯಾಲೆಟ್ (ಮತಪತ್ರ) ಅದೇ. ಅಂಚೆ ಡಬ್ಬಿಯಲ್ಲಿ ದಿನಾ ನಾಲ್ಕೈದು ಬಣ್ಣದ ಕಾಗದ. ಶನಿವಾರ ಬಂದರೆ ಬಾಗಿಲು ತಟ್ಟುವವರು. ಒಬ್ಬ ವಯಸ್ಸಾದ ಅಮ್ಮ ಮಳೆಯಲ್ಲಿ ನೆನೆದುಕೊಂಡು ಬಂದು, ‘ಯಾರಿಗಾದರೂ ಹಾಕಿ, ಆದರೆ ಹಾಕಿ’ ಅಂದರು. ನಾನು ಅಡುಗೆಮನೆ ಮೇಜಿನ ಮೇಲೆ ಬ್ಯಾಲೆಟ್ ಬಿಡಿಸಿ, ಮತದಾರರ ಕೈಪಿಡಿ ಪಕ್ಕದಲ್ಲಿಟ್ಟುಕೊಂಡು, ಹೆಸರಿನ ಪಕ್ಕದ ವೃತ್ತಗಳನ್ನು ತುಂಬಿದೆ. ಲಕೋಟೆ ಮೇಲೆ ಸಹಿ ಹಾಕಬೇಕು. ಕೈ ತಾನಾಗಿ ಕನ್ನಡದಲ್ಲಿ ಸಹಿ ಮಾಡಿತು. ಮನಸ್ಸು ಊರಿನ ಮತಗಟ್ಟೆಯ ನೆನಪಿನಲ್ಲಿತ್ತು. ವಾರದಲ್ಲಿ ಪತ್ರ ಬಂತು: ಸಹಿ ದಾಖಲೆಯಲ್ಲಿ ಇರುವುದಕ್ಕೆ ಹೊಂದುತ್ತಿಲ್ಲ, ಈ ಫಾರ್ಮ್ ತುಂಬಿ ಕಳಿಸಿ. ಕಳಿಸಿದೆ, ಓಟು ಎಣಿಕೆಗೆ ಸೇರಿತು. ಮುಂದೆ ನಿಮಗೂ ಇದು ಆಗಬಹುದು. ಅಂಥ ಪತ್ರ ಬಂದರೆ ಬದಿಗಿಡಬೇಡಿ. ಉತ್ತರ ಕೊಡದಿದ್ದರೆ ಆ ಓಟು ಲೆಕ್ಕಕ್ಕೇ ಬರುವುದಿಲ್ಲ.

ಧಿಂಗ್ರಾ ನೂರಕ್ಕೆ 55ರಷ್ಟು ಓಟು ಪಡೆದು ಗೆದ್ದರು. 25-24ರ ಬಲ ಡೆಮಾಕ್ರಟರ ಕಡೆ ತಿರುಗಿತು. ಕೆಲವೇ ತಿಂಗಳಲ್ಲಿ, 2018ರ ಮಾರ್ಚ್‌ನಲ್ಲಿ, ಚುನಾವಣೆ ದಿನವೇ ಹೋಗಿ ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅವಕಾಶ ಕಾನೂನಾಯಿತು. ರಾಜ್ಯದ ವೋಟಿಂಗ್ ರೈಟ್ಸ್ ಆಕ್ಟ್ ಕೂಡ ಆಗಲೇ ಬಂತು. ಒಂದು ಎಲ್‌ಡಿಯ ಫಲಿತಾಂಶ ಇಷ್ಟು ಬೇಗ ಕಾನೂನಾಗಿ ಮನೆಬಾಗಿಲಿಗೆ ಬಂದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಧಿಂಗ್ರಾ 2018ರಲ್ಲೂ 2022ರಲ್ಲೂ ಗೆದ್ದರು. ಈ ಸೀಟಿಗೆ ಮುಂದಿನ ಚುನಾವಣೆ 2026ರಲ್ಲಿ.

ಪಕ್ಕದ 48ರಲ್ಲೂ ನಮ್ಮ ಕಡೆಯ ಮೂಲದವರಿದ್ದಾರೆ. ವಂದನಾ ಸ್ಲಾಟರ್ 2017ರಿಂದ ಹೌಸ್‌ನಲ್ಲಿದ್ದು, 2025ರ ಜನವರಿಯಲ್ಲಿ ಸೆನೆಟ್‌ಗೆ ನೇಮಕವಾದರು. ಹೆಸರು ನಮ್ಮದು ಅಂತ ಯಾರಿಗೂ ಓಟು ಹಾಕಬೇಕಿಲ್ಲ. ಆದರೆ ಆ ಕುರ್ಚಿ ನಮ್ಮಂಥವರಿಗೆ ದೂರದ್ದಲ್ಲ ಅಂತ ಮಕ್ಕಳಿಗೆ ಗೊತ್ತಿರಬೇಕು, ಅಲ್ವಾ?

ನಿಲ್ಲಲು ಏನು ಬೇಕು ಅಂತಲೂ ಹೇಳಿಬಿಡುತ್ತೇನೆ. ಅಮೆರಿಕದ ಸಿಟಿಜನ್ ಆಗಿರಬೇಕು, ಆ ಎಲ್‌ಡಿಯ ಮತದಾರರಾಗಿರಬೇಕು. ಅಷ್ಟೇ. ಮತದಾರ ಆಗಲು 18 ವರ್ಷ ಸಾಕು. ಆದ್ದರಿಂದ 18ಕ್ಕೇ ನಿಲ್ಲಬಹುದು. ಕರ್ನಾಟಕದಲ್ಲಿ ವಿಧಾನಸಭೆಗೆ 25 ಆಗಬೇಕು, ಪರಿಷತ್ತಿಗೆ 30. ಇನ್ನೊಂದು ವ್ಯತ್ಯಾಸ ದೊಡ್ಡದು. ನಮ್ಮಲ್ಲಿ ರಾಜ್ಯದ ಯಾವುದೇ ಕ್ಷೇತ್ರದ ಮತದಾರ ಇನ್ಯಾವುದೋ ಕ್ಷೇತ್ರದಲ್ಲಿ ನಿಲ್ಲಬಹುದು. ಇಲ್ಲಿ ಅದು ನಡೆಯುವುದಿಲ್ಲ, ಅಲ್ಲಿಯೇ ವಾಸವಿರಬೇಕು. ಫೀಸು ಆ ಹುದ್ದೆಯ ವರ್ಷದ ಸಂಬಳದಲ್ಲಿ ನೂರಕ್ಕೆ ಒಂದು ಪಾಲು. ಅಷ್ಟು ಹಣ ಕಟ್ಟಲಾಗದವರು ಅದರ ಬದಲು ಮತದಾರರ ಸಹಿ ತರಬಹುದು, ಡಾಲರ್‌ಗೆ ಒಂದು ಸಹಿ. ಈ ಏರ್ಪಾಡು ನನಗೆ ತುಂಬಾ ಇಷ್ಟ.

ಆಗಸ್ಟ್‌ನಲ್ಲಿ ಪ್ರೈಮರಿ. ಎಲ್ಲಾ ಪಕ್ಷದವರೂ ಒಂದೇ ಪಟ್ಟಿಯಲ್ಲಿ ಇರುತ್ತಾರೆ. ಮೊದಲ ಇಬ್ಬರು ನವೆಂಬರ್‌ಗೆ ಹೋಗುತ್ತಾರೆ, ಇಬ್ಬರೂ ಒಂದೇ ಪಕ್ಷದವರಾದರೂ ಸರಿ. 2024ರ ಪ್ರೈಮರಿಯಲ್ಲಿ ರಾಜ್ಯದ ಅರಣ್ಯ-ಜಮೀನು ನೋಡಿಕೊಳ್ಳುವ ಹುದ್ದೆಗೆ ಎರಡನೇ ಸ್ಥಾನ ನಿರ್ಧಾರವಾದದ್ದು ಇಡೀ ರಾಜ್ಯದಲ್ಲಿ 49 ಓಟಿನಿಂದ. ಹಾಗೆ ಮುಂದೆ ಹೋದವರೇ ನವೆಂಬರ್‌ನಲ್ಲಿ ಗೆದ್ದರು. ‘ಬರೀ ಪ್ರೈಮರಿ’ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ.

ಇನ್ನು ವೀಸಾದಲ್ಲಿ ಇರುವವರು ದಯವಿಟ್ಟು ಗಮನ ಇಟ್ಟು ಓದಿ. ಲೈಸೆನ್ಸ್ ಮಾಡಿಸುವಾಗ ಮತದಾರರ ಪಟ್ಟಿಗೆ ಸೇರಿಸಬೇಕೇ ಅಂತ ಯಾರಾದರೂ ಕೇಳಿದರೆ, ಬೇಡ ಅನ್ನಿ. ನಾನು ಸಿಟಿಜನ್ ಅಂತ ತಪ್ಪಾಗಿ ಒಂದು ಟಿಕ್ ಹಾಕಿದರೂ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ಅಂಗಡಿ ಬಾಗಿಲಲ್ಲಿ ಕ್ಲಿಪ್‌ಬೋರ್ಡ್ ಹಿಡಿದು ಸಹಿ ಕೇಳುವವರಿರುತ್ತಾರೆ. ಅದು ಇನಿಷಿಯೇಟಿವ್ ಅರ್ಜಿ, ಅಂದರೆ ಜನರೇ ಒಂದು ಕಾನೂನು ತರಲು ಹಾಕುವ ಅರ್ಜಿ. ಅದಕ್ಕೆ ಮತದಾರರು ಮಾತ್ರ ಸಹಿ ಮಾಡಬೇಕು. ಮುಗುಳ್ನಕ್ಕು ಮುಂದೆ ಹೋಗಿ. ಗ್ರೀನ್ ಕಾರ್ಡ್ ಇಲ್ಲದವರು ಯಾವ ಅಭ್ಯರ್ಥಿಗೂ ದುಡ್ಡು ಕೊಡುವಂತಿಲ್ಲ. ಫಂಡ್‌ರೈಸರ್ ಊಟದ ಟಿಕೆಟ್ ಕೂಡ ದುಡ್ಡೇ. ಸ್ನೇಹಿತರು ಒತ್ತಾಯ ಮಾಡಿದರೂ ಬೇಡ.

ಹಾಗಾದರೆ ಏನು ಮಾಡಬಹುದು? ಬೇಕಾದಷ್ಟಿದೆ. ಅಧಿವೇಶನ ಪ್ರತಿ ಜನವರಿಯ ಎರಡನೇ ಸೋಮವಾರ ಶುರುವಾಗುತ್ತದೆ. ಬೆಸ ವರ್ಷದಲ್ಲಿ 105 ದಿನ, ಸಮ ವರ್ಷದಲ್ಲಿ 60 ದಿನ. ಆ ದಿನಗಳಲ್ಲಿ ಸಮಿತಿಗಳು ಮಸೂದೆಗಳ ಬಗ್ಗೆ ಜನರ ಮಾತು ಕೇಳುತ್ತವೆ. ಮನೆಯಿಂದಲೇ ವಿಡಿಯೋದಲ್ಲಿ ಮಾತಾಡಬಹುದು. ಮಾತಾಡಲು ಅಳುಕಿದ್ದರೆ ಪರ ಅಥವಾ ವಿರೋಧ ಅಂತ ಹೆಸರು ದಾಖಲಿಸಿದರೂ ಸಾಕು. ಇದಕ್ಕೆ ಸಿಟಿಜನ್ ಆಗಿರಬೇಕು ಅಂತಿಲ್ಲ. ಬಾಡಿಗೆ ಮನೆಯಲ್ಲಿ ಇರುವವರು ಇದನ್ನು ನೆನಪಿಡಿ. ವರ್ಷದ ಬಾಡಿಗೆ ಏರಿಕೆಗೆ ಮಿತಿ ಹಾಕಿದ ಕಾನೂನು 2025ರಲ್ಲಿ ಬಂದದ್ದು ಇಂಥ ಸಮಿತಿಗಳ ಮುಂದೆ ಹಾದೇ. ಶಾಸಕರು ಜನರ ಜೊತೆ ಮಾತಾಡಲು ನಡೆಸುವ ಟೌನ್ ಹಾಲ್ ಸಭೆಗೂ ಹೋಗಿ. ಮಕ್ಕಳನ್ನು ಕರೆದುಕೊಂಡು ಹೋಗಿ. ಪ್ರಚಾರದಲ್ಲಿ ಸಂಬಳವಿಲ್ಲದೆ ಕೈಜೋಡಿಸಲೂ ಅಡ್ಡಿಯಿಲ್ಲ.

ನಿಮ್ಮ ಎಲ್‌ಡಿ ಯಾವುದು ಅಂತ ಶಾಸಕಾಂಗದ ವೆಬ್‌ಸೈಟಿನಲ್ಲಿ ವಿಳಾಸ ಹಾಕಿದರೆ ತಿಳಿಯುತ್ತದೆ. ಪಕ್ಕದ ಮನೆಯವರನ್ನು ಕೇಳಿ ನಂಬಬೇಡಿ. ರೆಡ್ಮಂಡ್, ಕರ್ಕ್‌ಲ್ಯಾಂಡ್ ಎರಡೂ ಒಂದಕ್ಕಿಂತ ಹೆಚ್ಚು ಎಲ್‌ಡಿಗಳ ನಡುವೆ ಹಂಚಿಹೋಗಿವೆ. ಗೆರೆ ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತದೆ ಕೂಡ. ಎಳೆಯುವುದು ಒಂದು ಆಯೋಗ. ಅದರಲ್ಲಿ ಮತ ಹಾಕುವವರು ಎರಡೂ ಪಕ್ಷಗಳ ಕಡೆಯ ನಾಲ್ಕು ಜನ. ಕಳೆದ ಸಲ, 2021ರಲ್ಲಿ, ಅವರು ನವೆಂಬರ್ 15ರ ಗಡುವು ತಪ್ಪಿಸಿಕೊಂಡರು. ಕೊನೆಗೆ ರಾಜ್ಯದ ಸುಪ್ರೀಂ ಕೋರ್ಟ್ ಆ ನಕ್ಷೆಯನ್ನು ಒಪ್ಪಿಕೊಂಡಿತು.

ಸಿಟಿಜನ್ ಆದವರಿಗೆ ಒಂದು ಚಿಕ್ಕ ಹುದ್ದೆ ಹೇಳುತ್ತೇನೆ. ಪ್ರಿಸಿಂಕ್ಟ್ ಕಮಿಟಿ ಆಫೀಸರ್, ಪಿಸಿಒ. ನಿಮ್ಮ ಸುತ್ತಲ ಕೆಲವು ಬೀದಿಗಳಿಗೆ ಪಕ್ಷದ ಪರವಾಗಿ ಒಬ್ಬರು. ಸಂಬಳವಿಲ್ಲ, ನಾಮಪತ್ರಕ್ಕೆ ಫೀಸೂ ಇಲ್ಲ. ಎಷ್ಟೋ ಕಡೆ ಯಾರೂ ನಿಲ್ಲದೆ ಖಾಲಿ ಬಿದ್ದಿರುತ್ತದೆ. ಆದರೆ ಆಂಡಿ ಹಿಲ್ ತೀರಿಕೊಂಡಾಗ ಆದ ಹಾಗೆ ಸೀಟು ಖಾಲಿಯಾದರೆ, ಮೂರು ಹೆಸರು ಆರಿಸುವಾಗ ಕೈ ಎತ್ತುವವರು ಈ ಪಿಸಿಒಗಳೇ. ಸಮ ವರ್ಷಗಳಲ್ಲಿ, ಮೇ ತಿಂಗಳ ನಾಮಪತ್ರದ ವಾರದಲ್ಲಿ, ಆನ್‌ಲೈನ್‌ನಲ್ಲೇ ಹೆಸರು ಕೊಡಬಹುದು.