ಗೇರ್ ಜಾರಿದರೆ ಮುಳ್ಳು ಏರಬೇಕು, ನನ್ನ ಕಾರಲ್ಲಿ ಇಳಿಯುತ್ತಿತ್ತು

ಬೆಂಗಳೂರಿನ ವಿಜಯನಗರದ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಗೆ ದಿನಾ ಹೋಗಿ ಬರುವವನು ನಾನು. ನಾಯಂಡಹಳ್ಳಿ, ಕತ್ರಿಗುಪ್ಪೆ, ಬನಶಂಕರಿ, ಬಿಟಿಎಂ, ಸಿಲ್ಕ್ ಬೋರ್ಡ್. ಈ ದಾರಿಯಲ್ಲಿ ಏಳು ವರ್ಷ ಕ್ಲಚ್ ತುಳಿದು ತುಳಿದು ಎಡಮಂಡಿ ನೋವು ಶುರುವಾಗಿತ್ತು. ಅದಕ್ಕೇ ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಆಟೋಮ್ಯಾಟಿಕ್ಕೇ ಬೇಕು ಅಂತ ಹುಡುಕಿ 2014ರ ಮಾಡೆಲ್ ಪೆಟ್ರೋಲ್ ಸೆಡಾನ್ ಒಂದನ್ನು ತೆಗೆದುಕೊಂಡೆ. ಮೀಟರಿನಲ್ಲಿ 68,000 ಕಿಲೋಮೀಟರ್ ಇತ್ತು. ಟೆಸ್ಟ್ ಡ್ರೈವ್‌ನಲ್ಲಿ ಬೆಣ್ಣೆ ಹಾಗೆ ಓಡಿತು. ಆದರೆ ಆ ಟೆಸ್ಟ್ ಡ್ರೈವ್ ಹತ್ತೇ ನಿಮಿಷದ್ದು. ಎಂಜಿನ್ ಇನ್ನೂ ಸರಿಯಾಗಿ ಬಿಸಿಯೇ ಆಗಿರಲಿಲ್ಲ.

ಮೂರನೇ ದಿನ ಸಂಜೆ ಬಿಟಿಎಂ ಹತ್ತಿರ ಕಾರು ಇದ್ದಕ್ಕಿದ್ದ ಹಾಗೆ 'ವ್ರೂಂ' ಅಂತ ಕೂಗಿ, ಧಡಕ್ ಅಂತ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಮುಂದೆ ಹಾರಿತು. ಆಮೇಲೆ ಎಲ್ಲ ಸರಿ. ಮಾರನೇ ದಿನ ಸಂಜೆ ಮತ್ತೆ ಅದೇ. ಬೆಳಿಗ್ಗೆ ಮಾತ್ರ ಏನೂ ಇಲ್ಲ. ಮಾರಿದವರಿಗೆ ಫೋನ್ ಮಾಡಿದರೆ, "ಆಟೋಮ್ಯಾಟಿಕ್ ಅಂದ್ರೆ ಹಂಗೇ ಸಾರ್, ಸ್ವಲ್ಪ ಜರ್ಕ್ ಇದ್ದೇ ಇರತ್ತೆ" ಅಂದರು. ಇದು ಸುಳ್ಳು. ಚೆನ್ನಾಗಿರುವ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ) ಗೇರ್‌ಬಾಕ್ಸ್ ಈ ರೀತಿ ಗುದ್ದಲ್ಲ. ನಿಮಗೂ ಯಾರಾದರೂ ಹೀಗೆ ಹೇಳಿದರೆ ನಂಬಬೇಡಿ.

ಒಂದು ಗ್ಯಾರೇಜಿಗೆ ತೋರಿಸಿದೆ. ಒಂದು ರೌಂಡ್ ಓಡಿಸಿ ಬಂದು, ಒಳಗೆ ಗೇರನ್ನು ಹಿಡಿದಿಡುವ ಕ್ಲಚ್ ಪ್ಲೇಟ್ ಸವೆದು ಸ್ಲಿಪ್ ಆಗುತ್ತಿದೆ, ಗೇರ್‌ಬಾಕ್ಸ್ ಇಳಿಸಿ ಓವರ್‌ಹಾಲ್ ಮಾಡಬೇಕು, 85,000 ರೂಪಾಯಿ ಆಗುತ್ತೆ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ. ದುಡ್ಡಿಗಿಂತ ಜಾಸ್ತಿ ಕಾಡಿದ್ದು ಇನ್ನೊಂದು ವಿಷಯ. ಅವರು ಆಯಿಲ್ ನೋಡಿರಲಿಲ್ಲ, ಸ್ಕ್ಯಾನರ್ ಹಾಕಿರಲಿಲ್ಲ, ಯಾವ ಗೇರಿನಲ್ಲಿ ಆಗುತ್ತಿದೆ ಅಂತ ಕೂಡ ಕೇಳಿರಲಿಲ್ಲ. ಬಿಚ್ಚುವ ಮುಂಚೆ ನಾನೇ ಪೂರ್ತಿ ನೋಡಿಬಿಡೋಣ ಅಂದುಕೊಂಡೆ.

ಮೊದಲು ನಿಮ್ಮ ಕಾರಿನಲ್ಲಿ ಯಾವ ಜಾತಿಯ ಆಟೋಮ್ಯಾಟಿಕ್ ಇದೆ ಅಂತ ತಿಳಿದುಕೊಳ್ಳಿ. ಎಎಂಟಿ ಅಂದರೆ ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸೇ, ಕ್ಲಚ್ಚು ಮತ್ತು ಗೇರನ್ನು ಮೋಟರ್ ಅಥವಾ ಹೈಡ್ರಾಲಿಕ್ ನಡೆಸುತ್ತದೆ ಅಷ್ಟೆ. ಸಿವಿಟಿಯಲ್ಲಿ ಗೇರ್ ಮೆಟ್ಟಿಲುಗಳೇ ಇಲ್ಲ, ಬೆಲ್ಟ್ ಮತ್ತು ಪುಲಿ. ಡ್ಯುಯಲ್ ಕ್ಲಚ್‌ನ ಕಥೆ ಬೇರೆ. ನನ್ನದು ಹಳೇ ಶೈಲಿಯ 4 ಸ್ಪೀಡ್ ಟಾರ್ಕ್ ಕನ್ವರ್ಟರ್. ಮುಂದೆ ಹೇಳುವುದೆಲ್ಲ ಅದಕ್ಕೆ ಸಂಬಂಧಪಟ್ಟದ್ದು.

ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ನೋಟ್‌ಬುಕ್ ಇಟ್ಟೆ. ಪ್ರತಿ ಸಲ ಜರ್ಕ್ ಆದಾಗ ಕಾರು ನಿಲ್ಲಿಸಿದ ಮೇಲೆ ಬರೆಯುವುದು: ಹೊರಟು ಎಷ್ಟು ನಿಮಿಷವಾಗಿತ್ತು, ಎಷ್ಟು ಸ್ಪೀಡ್, ಆಕ್ಸಿಲರೇಟರ್ ಎಷ್ಟು ಒತ್ತಿದ್ದೆ, ಎಸಿ ಇತ್ತಾ. ಒಂಬತ್ತು ದಿನದಲ್ಲಿ ಚಿತ್ರ ಸ್ಪಷ್ಟವಾಯಿತು. 35 ನಿಮಿಷಕ್ಕೆ ಮುಂಚೆ ಒಂದು ಸಲವೂ ಆಗಿಲ್ಲ. ಭಾನುವಾರ ಊರ ಹೊರಗಿನ ನೈಸ್ ರಸ್ತೆ ಖಾಲಿ ಇದ್ದಾಗ ಓಡಿಸಿದರೆ ಆಗಿಲ್ಲ. ಟ್ರಾಫಿಕ್ಕಿನಲ್ಲಿ ನಿಂತು ನಿಂತು ಗೇರ್‌ಬಾಕ್ಸ್ ಕಾದ ಮೇಲೇ ಆಗುತ್ತಿತ್ತು. ಜೋರಾಗಿ ಒತ್ತಿದರೂ ಮೆಲ್ಲಗೆ ಒತ್ತಿದರೂ ಒಂದೇ. ಕ್ಲಚ್ ಪ್ಲೇಟ್ ಸವೆದಿದ್ದರೆ ಜೋರಾಗಿ ಒತ್ತಿದಾಗ ಜಾಸ್ತಿ ಆಗಬೇಕಿತ್ತು ಅಲ್ವಾ? ಮೊದಲ ಅನುಮಾನ ಬಂದದ್ದು ಇಲ್ಲಿ.

ಆಮೇಲೆ ಆಯಿಲ್. ನನ್ನ ಕಾರಿಗೆ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್, ಎಷ್ಟಿದೆ ಅಂತ ನೋಡುವ ಡಿಪ್‌ಸ್ಟಿಕ್ ಇದೆ. ಕಾರು ಬಿಸಿಯಾದ ಮೇಲೆ, ಸಮತಟ್ಟಾದ ಜಾಗದಲ್ಲಿ, ಬ್ರೇಕ್ ಒತ್ತಿಕೊಂಡು ಲಿವರನ್ನು ಎಲ್ಲ ಸ್ಥಾನಕ್ಕೂ ಒಮ್ಮೆ ತಂದು, ಪಾರ್ಕಿಂಗ್‌ನಲ್ಲಿಟ್ಟು, ಎಂಜಿನ್ ಓಡುತ್ತಿರುವಾಗಲೇ ನೋಡಬೇಕು. ಕೆಲವು ಕಂಪನಿಯವರು ಎಂಜಿನ್ ಆಫ್ ಮಾಡಿ ನೋಡಿ ಅನ್ನುತ್ತಾರೆ, ಆದ್ದರಿಂದ ಕಾರಿನ ಜೊತೆ ಬಂದ ಪುಸ್ತಕ ಓದಿ. ಬಿಳಿ ಟಿಶ್ಯೂ ಮೇಲೆ ಒಂದು ತೊಟ್ಟು ಬಿಟ್ಟೆ. ಹೊಸ ಎಟಿಎಫ್ ಸಾಮಾನ್ಯವಾಗಿ ಕೆಂಪಗಿರುತ್ತದೆ. ನನ್ನದು ಕಂದು ಬಣ್ಣಕ್ಕೆ ತಿರುಗಿತ್ತು, ಹಳೆಯದು, ನಿಜ. ಆದರೆ ಕಪ್ಪಾಗಿರಲಿಲ್ಲ, ಮಟ್ಟ ಸರಿಯಿತ್ತು. ಮುಖ್ಯವಾಗಿ ಸುಟ್ಟ ವಾಸನೆ ಇರಲಿಲ್ಲ. ಕ್ಲಚ್ ಪ್ಲೇಟ್ ಸುಟ್ಟ ಗೇರ್‌ಬಾಕ್ಸಿನ ಆಯಿಲ್ ಒಮ್ಮೆ ಮೂಸಿದರೆ ಆ ವಾಸನೆ ಮರೆಯಲ್ಲ.

ಈ ಹಂತದಲ್ಲಿ ಆಯಿಲ್ ಬದಲಾಯಿಸಿಬಿಡೋಣ ಅಂತ ಕೈ ತುರಿಸುತ್ತದೆ. ನಾನು ತಡೆದುಕೊಂಡೆ. ಆಯಿಲ್ ಬದಲಾದರೆ ರೋಗದ ಲಕ್ಷಣವೂ ಸ್ವಲ್ಪ ಬದಲಾಗುತ್ತದೆ, ಎರಡು ವಾರ ಚೆನ್ನಾಗಿದೆ ಅನ್ನಿಸಿ ಮತ್ತೆ ಶುರುವಾದರೆ ಮೊದಲಿನಿಂದ ಹುಡುಕಬೇಕು.

ಸ್ಕ್ಯಾನರ್ ವಿಷಯ. ಇಎಲ್‌ಎಂ327 ಅನ್ನುವ ಸಣ್ಣ ಬ್ಲೂಟೂತ್ ಸಾಧನ ಸಾವಿರ ರೂಪಾಯಿಯ ಒಳಗೇ ಸಿಗುತ್ತದೆ, ಸ್ಟೀರಿಂಗ್ ಕೆಳಗೆ ಕಾರಿನ ಕಂಪ್ಯೂಟರಿಗೆ ಸಂಪರ್ಕ ಕೊಡುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸಿ ಫೋನಿನಲ್ಲಿ ನೋಡುವುದು. ಕಾರು ಕೊಂಡ ವಾರವೇ ಹಾಕಿದ್ದೆ. ದೋಷ ತಿಳಿಸುವ ಯಾವ ಕೋಡೂ ಇರಲಿಲ್ಲ, ಖುಷಿಪಟ್ಟಿದ್ದೆ. ಆದರೆ ಅದೇ ಆ್ಯಪ್‌ನಲ್ಲಿ ಇನ್ನೊಂದು ಪುಟ ಇದೆ, ರೆಡಿನೆಸ್ ಮಾನಿಟರ್ ಅಂತ, ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿ ಮುಗಿಸಿದೆಯಾ ಅಂತ ತೋರಿಸುವುದು. ಅದರಲ್ಲಿ ಅರ್ಧಕ್ಕರ್ಧ 'ಅಪೂರ್ಣ' ಅಂತ ತೋರಿಸುತ್ತಿತ್ತು. ಅಂದರೆ ಇತ್ತೀಚೆಗೆ ಬ್ಯಾಟರಿ ಬಿಚ್ಚಿದ್ದಾರೆ ಅಥವಾ ಕೋಡ್‌ಗಳನ್ನು ಅಳಿಸಿದ್ದಾರೆ. ಇದನ್ನು ನಾನು ಕೊಳ್ಳುವ ಮುಂಚೆ ನೋಡಬೇಕಿತ್ತು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ದಯವಿಟ್ಟು ಈ ಪುಟವನ್ನು ನೋಡಿ. ಕೋಡ್ ಇಲ್ಲ ಅನ್ನುವುದಕ್ಕಿಂತ ಕೋಡ್ ಅಳಿಸಿದ್ದಾರಾ ಅನ್ನುವುದು ದೊಡ್ಡ ಪ್ರಶ್ನೆ.

ನಿಜವಾದ ಸುಳಿವು ಕೊಟ್ಟದ್ದು ನನ್ನ ಹೆಂಡತಿ. ಓಡಿಸುವವನು ರಸ್ತೆ ನೋಡಬೇಕು, ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ (ಆರ್‌ಪಿಎಂ) ಅಂತ ತೋರಿಸುವ ಮೀಟರ್ ನೋಡುತ್ತಾ ಕೂರಕ್ಕಾಗಲ್ಲ. ಹಾಗಾಗಿ ಒಂದು ಶನಿವಾರ ಸಂಜೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಫೋನಿನಲ್ಲಿ ಮೀಟರ್ ಕಡೆಗೆ ವಿಡಿಯೋ ಹಿಡಿ ಅಂತ ಹೇಳಿ ಬೇಕಂತಲೇ ಟ್ರಾಫಿಕ್ಕಿಗೆ ಇಳಿದೆ. 40 ನಿಮಿಷ ಕಳೆದು ಜೆ.ಪಿ. ನಗರದ ಹತ್ತಿರ ಒಂದು ಸಲ ಕೂಗಿತು. ಸ್ವಲ್ಪ ಮುಂದೆ ರಸ್ತೆ ಬಿಟ್ಟುಕೊಂಡಿತ್ತು, 50ರಲ್ಲಿ ಹೋಗುತ್ತಿದ್ದೆವು, ಕಾರು ಒಂದು ಕ್ಷಣ ಸೊರಗಿದ ಹಾಗಾಯಿತು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವಳು, "ರೀ, ಈ ಸಲ ಮುಳ್ಳು ಕೆಳಗೆ ಹೋಯ್ತು ನೋಡಿ" ಅಂದಳು.

ಮನೆಗೆ ಬಂದು ವಿಡಿಯೋವನ್ನು ನಿಧಾನ ಮಾಡಿ ಹತ್ತಾರು ಸಲ ನೋಡಿದೆ. 30ರ ವೇಗದಲ್ಲಿ 1,800 ಇದ್ದ ಆರ್‌ಪಿಎಂ ಸುಮಾರು 3,300ಕ್ಕೆ ಹಾರಿತ್ತು. 50ರ ವೇಗದಲ್ಲಿ 2,000 ಇದ್ದದ್ದು 1,400ಕ್ಕೆ ಬಿದ್ದು ಮತ್ತೆ ಮೇಲೆ ಬಂದಿತ್ತು. ಇಲ್ಲಿ ನಾನು ಎದ್ದು ಕೂತೆ. ಕ್ಲಚ್ ಪ್ಲೇಟ್ ಜಾರಿದರೆ ಎಂಜಿನ್ನಿಗೆ ಭಾರ ತಪ್ಪುತ್ತದೆ, ಆಗ ಆರ್‌ಪಿಎಂ ಏರಬೇಕು. ಯಾವ ಕಾರಣಕ್ಕೂ ಇಳಿಯಲ್ಲ. ಟಾರ್ಕ್ ಕನ್ವರ್ಟರ್ ಲಾಕ್ ಆಗಿ ಎಂಜಿನ್ ನೇರವಾಗಿ ಗೇರ್‌ಬಾಕ್ಸಿಗೆ ಸೇರಿಕೊಂಡಾಗಲೂ ಆರ್‌ಪಿಎಂ ಇಳಿಯುತ್ತದೆ ನಿಜ, ಆದರೆ ನನ್ನ ಕಾರಿನಲ್ಲಿ ಅದು ಇನ್ನೂರು ಮುನ್ನೂರು ಅಷ್ಟೆ. ಇದನ್ನು ಎಲಿವೇಟೆಡ್ ರೋಡಿನಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಬ್ರೇಕನ್ನು ದೀಪ ಹತ್ತುವಷ್ಟು ಮಾತ್ರ ಮುಟ್ಟಿ ನೋಡಿದ್ದೆ. ಬ್ರೇಕ್ ಮುಟ್ಟಿದ ಕೂಡಲೇ ಲಾಕ್ ಬಿಡುತ್ತದೆ, ಮುಳ್ಳು ಸ್ವಲ್ಪ ಏರುತ್ತದೆ, ಬಿಟ್ಟರೆ ಮತ್ತೆ ಕೂರುತ್ತದೆ. ಹಿಂದೆ ಗಾಡಿ ಇದ್ದಾಗ ಇದನ್ನು ಮಾಡಬೇಡಿ. 600 ಬೀಳುವುದು ಲಾಕ್ ಅಲ್ಲ, ಗೇರ್ ಬದಲಾಗಿದೆ.

ಸರ್ವೀಸ್ ಮ್ಯಾನುಯಲ್ ತೆಗೆದು ಗೇರ್ ಅನುಪಾತ (ಗೇರ್‌ಬಾಕ್ಸಿನಿಂದ ಹೊರಗೆ ಒಂದು ಸುತ್ತಿಗೆ ಒಳಗೆ ಎಷ್ಟು ಸುತ್ತು) ನೋಡಿದೆ. ಒಂದನೇದು 2.88, ಎರಡನೇದು 1.57, ಮೂರನೇದು 1.00, ನಾಲ್ಕನೇದು 0.70. ಮೂರರಿಂದ ನಾಲ್ಕಕ್ಕೆ ಹೋದರೆ 2,000 ಆರ್‌ಪಿಎಂ 1,400 ಆಗಬೇಕು. ಸರಿ ಹೋಯಿತು! ಎರಡರಿಂದ ಒಂದಕ್ಕೆ ಬಿದ್ದರೆ 1,800ನ್ನು 2.88ರಿಂದ ಗುಣಿಸಿ 1.57ರಿಂದ ಭಾಗಿಸಿ, 3,300. ಅದೂ ಸರಿ. ಅಂದರೆ ಯಾವುದೂ ಜಾರುತ್ತಿಲ್ಲ. ಗೇರ್‌ಬಾಕ್ಸ್ ಗಟ್ಟಿಯಾಗಿಯೇ ಹಿಡಿಯುತ್ತಿದೆ, ತಪ್ಪು ಗೇರನ್ನು ಹಿಡಿಯುತ್ತಿದೆ.

ಅದೇ ಮ್ಯಾನುಯಲ್‌ನಲ್ಲಿ ಇನ್ನೊಂದು ಪಟ್ಟಿ ಇತ್ತು. ನನ್ನ ಕಾರಿನಲ್ಲಿ ನಾಲ್ಕು ಗೇರನ್ನು ಆರಿಸುವುದು ಎರಡೇ ಎರಡು ಶಿಫ್ಟ್ ಸೊಲೆನಾಯ್ಡ್, ಎ ಮತ್ತು ಬಿ. ಕರೆಂಟ್ ಬಂದರೆ ತೆರೆದು ಮುಚ್ಚುವ ಪುಟ್ಟ ವಾಲ್ವ್‌ಗಳು ಇವು. ಒಂದನೇ ಗೇರಿಗೆ ಎ ಮಾತ್ರ ಆನ್. ಎರಡಕ್ಕೆ ಎರಡೂ ಆನ್. ಮೂರಕ್ಕೆ ಬಿ ಮಾತ್ರ. ನಾಲ್ಕಕ್ಕೆ ಎರಡೂ ಆಫ್. ಈಗ ಬಿ ಸೊಲೆನಾಯ್ಡ್‌ಗೆ ಕರೆಂಟ್ ಒಂದು ಕ್ಷಣ ತಪ್ಪಿತು ಅಂದುಕೊಳ್ಳಿ. ಎರಡರಲ್ಲಿದ್ದರೆ ಒಂದಕ್ಕೆ ಬೀಳುತ್ತದೆ. ಮೂರರಲ್ಲಿದ್ದರೆ ನಾಲ್ಕಕ್ಕೆ ಹೋಗುತ್ತದೆ. ಒಂದರಲ್ಲಿ ಮತ್ತು ನಾಲ್ಕರಲ್ಲಿ ಏನೂ ಗೊತ್ತಾಗಲ್ಲ. ನೈಸ್ ರಸ್ತೆಯಲ್ಲಿ ಯಾಕೆ ಆಗಲಿಲ್ಲ ಅನ್ನುವುದಕ್ಕೂ ಉತ್ತರ ಇಲ್ಲೇ ಇತ್ತು, ಅಲ್ಲಿ ನಾನು ಹೆಚ್ಚಾಗಿ ನಾಲ್ಕರಲ್ಲೇ ಇದ್ದೆ. ರಾತ್ರಿ ಹನ್ನೊಂದಕ್ಕೆ ಕೆಳಗೆ ಹೋಗಿ ಸ್ಕ್ಯಾನರ್ ಹಾಕಿ ಪೆಂಡಿಂಗ್ ಕೋಡ್ (ಇನ್ನೂ ಖಚಿತವಾಗದ ದೋಷದ ಕೋಡ್) ಪುಟ ನೋಡಿದೆ. ಪಿ0755. ಶಿಫ್ಟ್ ಸೊಲೆನಾಯ್ಡ್ ಬಿ. ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಹತ್ತುವಷ್ಟು ಹೊತ್ತು ಸಂಪರ್ಕ ತಪ್ಪುತ್ತಿರಲಿಲ್ಲ, ಅದಕ್ಕೇ ಇಷ್ಟು ದಿನ ಅಡಗಿಕೊಂಡಿತ್ತು.

ಕೋಡ್ ಬಂದ ಮಾತ್ರಕ್ಕೆ ಸೊಲೆನಾಯ್ಡೇ ಕೆಟ್ಟಿದೆ ಅಂತಲ್ಲ. ವೈರ್ ಆಗಿರಬಹುದು, ಕನೆಕ್ಟರ್ ಪಿನ್ ಹಸಿರುಗಟ್ಟಿರಬಹುದು. ನಮ್ಮೂರಿನ ಮಳೆಯಲ್ಲಿ ನೀರಿನಲ್ಲಿ ನಿಂತ ಕಾರುಗಳಲ್ಲಂತೂ ಕನೆಕ್ಟರನ್ನು ಮೊದಲು ನೋಡಬೇಕು. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ಎಷ್ಟು ಕಾರು ಮುಳುಗಿದವು, ಆಮೇಲೆ ಅವೆಲ್ಲ ಎಲ್ಲಿ ಹೋದವು ಅಂತ ಯೋಚಿಸಿ. ನನ್ನ ಕಾರಿನ ಪಿನ್‌ಗಳು ಹೊಳೆಯುತ್ತಿದ್ದವು.

ಬೆಳಿಗ್ಗೆ ತಣ್ಣಗಿದ್ದಾಗ ಇಗ್ನಿಷನ್ ಆಫ್ ಮಾಡಿ, ಗೇರ್‌ಬಾಕ್ಸಿನ ಮೇಲಿನ ಕನೆಕ್ಟರ್ ಬಿಚ್ಚಿ, ಮಲ್ಟಿಮೀಟರಿನಲ್ಲಿ ಪಿನ್ನಿಗೂ ಗೇರ್‌ಬಾಕ್ಸ್ ಮೈಗೂ ನಡುವೆ ಅಳೆದೆ. ಎ 12.3 ಓಮ್, ಬಿ 12.4 ಓಮ್. ಮ್ಯಾನುಯಲ್ ಪ್ರಕಾರ 11ರಿಂದ 15 ಇರಬೇಕು. ಎರಡೂ ಪಾಸ್! ಬಹಳ ಜನ ಇಲ್ಲಿಗೆ ಬಿಟ್ಟುಬಿಡುತ್ತಾರೆ. ಆದರೆ ರೋಗ ಬರುವುದು ಬಿಸಿಯಲ್ಲಿ, ಪರೀಕ್ಷೆಯೂ ಬಿಸಿಯಲ್ಲೇ ಆಗಬೇಕು. ಸಂಜೆ ಆಫೀಸಿನಿಂದ ಬಂದ ತಕ್ಷಣ, ಕೈಗೆ ದಪ್ಪ ಗ್ಲೌಸ್ ಹಾಕಿಕೊಂಡು ಮತ್ತೆ ಅಳೆದೆ. ಎ 15ರ ಹತ್ತಿರ ತೋರಿಸಿತು. ಇದು ಸಹಜ, ತಾಮ್ರ ಬಿಸಿಯಾದರೆ ರೆಸಿಸ್ಟೆನ್ಸ್ ಏರುತ್ತದೆ, 65 ಡಿಗ್ರಿ ಹೆಚ್ಚಾದರೆ ಕಾಲು ಭಾಗದಷ್ಟು. ಬಿ ಮಾತ್ರ 15, ಆಮೇಲೆ 40, ಆಮೇಲೆ ಮೀಟರಿನಲ್ಲಿ ಏನೂ ಇಲ್ಲ, ಓಪನ್, ಅಂದರೆ ಸಂಪರ್ಕವೇ ಕಡಿದಿದೆ. ಮತ್ತೆ 15.

ಕಾಮಾಕ್ಷಿಪಾಳ್ಯದ ಒಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ನೋಟ್‌ಬುಕ್, ವಿಡಿಯೋ, ಅಳತೆ ಎಲ್ಲ ತೋರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಂಗಾದ್ರೆ ಬಾಕ್ಸ್ ಇಳ್ಸೋದು ಬೇಡ ಸಾರ್, ಸಂಪ್ ತೆಗೆದ್ರೆ ಸಾಕು" ಅಂದರು. ಸಂಪ್ ಅಂದರೆ ಗೇರ್‌ಬಾಕ್ಸಿನ ಕೆಳಗಿನ ಆಯಿಲ್ ತಟ್ಟೆ. ಸೊಲೆನಾಯ್ಡ್ ಜೆ.ಸಿ. ರೋಡಿನಲ್ಲಿ 4,600ಕ್ಕೆ ಸಿಕ್ಕಿತು. ಸಂಪ್ ಇಳಿಸಿದಾಗ ನಾನು ಪಕ್ಕದಲ್ಲೇ ಇದ್ದೆ, ಒಳಗಿನ ಮ್ಯಾಗ್ನೆಟ್ ನೋಡಬೇಕಿತ್ತು. ಬೂದು ಬಣ್ಣದ ನುಣುಪಾದ ಪೇಸ್ಟ್ ಮಾತ್ರ ಅಂಟಿತ್ತು, ಅದು ಮಾಮೂಲಿ. ಲೋಹದ ಚೂರು ಇರಲಿಲ್ಲ, ಕ್ಲಚ್ಚಿನ ಕಪ್ಪು ಚಕ್ಕೆಗಳೂ ಇರಲಿಲ್ಲ. ಸಂಪ್‌ನಿಂದ ಬರುವುದು ಒಟ್ಟು ಆಯಿಲ್‌ನ ಅರ್ಧಕ್ಕಿಂತ ಕಡಿಮೆ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಮ್ಯಾನುಯಲ್ ಹೇಳಿದ ಗ್ರೇಡನ್ನೇ ಹಾಕಿಸಿದೆ, ಇನ್ನೊಂದು ಸಲ ಸಾವಿರ ಕಿಲೋಮೀಟರಿಗೆ ಬದಲಾಯಿಸಿದೆ. ಮೊದಲ ಸಲದ ಆಯಿಲ್, ಗ್ಯಾಸ್ಕೆಟ್, ಕೂಲಿ ಸೇರಿ ಬಿಲ್ 9,750 ರೂಪಾಯಿ.

ಹಳೇ ಸೊಲೆನಾಯ್ಡನ್ನು ಕೇಳಿ ಮನೆಗೆ ತಂದೆ. ಆಯಿಲನ್ನು ಚೆನ್ನಾಗಿ ಒರೆಸಿ, ಮೀಟರಿಗೆ ಸಿಕ್ಕಿಸಿ, ಹೇರ್ ಡ್ರೈಯರಿನಿಂದ ಬಿಸಿ ಮಾಡಿದೆ. 12.4, 13, 14, ಓಪನ್. ತಣ್ಣಗಾಗಲು ಬಿಟ್ಟೆ, ಮತ್ತೆ 12.4. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಒಳಗಿನ ಸುರುಳಿಯ ತಂತಿ ಎಲ್ಲೋ ಕೂದಲೆಳೆಯಷ್ಟು ಬಿಟ್ಟಿತ್ತು.

ಅದಾಗಿ 6,000 ಕಿಲೋಮೀಟರ್ ಓಡಿದೆ. ಬಿಟಿಎಂನ ಸಂಜೆ ಟ್ರಾಫಿಕ್ಕಿನಲ್ಲಿ ಎರಡು, ಮೂರು ಗೇರ್ ಬದಲಾಗುವುದು ಈಗ ಮುಳ್ಳು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಪಾರ್ಕಿಂಗ್‌ನಿಂದ ರಿವರ್ಸ್‌ಗೆ ಹಾಕಿದಾಗ ಒಂದು ಸಣ್ಣ 'ದಡ್' ಇನ್ನೂ ಇದೆ. ಬಾನೆಟ್ ತೆಗೆದು ನೋಡಿದರೆ ಎಂಜಿನ್ನನ್ನು ಹಿಡಿದಿಡುವ ಮೌಂಟಿನ ರಬ್ಬರ್ ಸೀಳಿರುವುದು ಕಾಣುತ್ತದೆ. ಹೊಸ ಮೌಂಟ್ ತಂದಿಟ್ಟಿದ್ದೇನೆ, ಈ ಭಾನುವಾರ ಹಾಕಿಸಬೇಕು.